ಚಾಪೆಯವರಿಗೂ ಕಾಣಬೇಕು, ಕುರ್ಚಿಯವರಿಗೂ ಕಾಣಬೇಕು

ದಸರೆ, ದೀಪಾವಳಿಯ ರಿಯಾಯಿತಿಯಲ್ಲಿ ಟಿವಿ ಮನೆಗೆ ಬರುತ್ತದೆ. ಅದನ್ನು ಎಲ್ಲಿ ಕೂರಿಸುವುದೆಂಬ ಪ್ರಶ್ನೆ ಕಾರ್ತಿಕ ಮುಗಿಯುವಷ್ಟರಲ್ಲಿ ನನ್ನ ಬಳಿಗೆ ಬರುತ್ತದೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಟಿವಿ ಸ್ಟ್ಯಾಂಡಿನವೇ ಆದ್ದರಿಂದ ಮಂಚ, ಊಟದ ಮೇಜು ಕೇಳಿದವರು ಮುಂದಿನ ಸಂಚಿಕೆಯವರೆಗೆ ತಾಳಬೇಕು. ಹೊಸ ಓದುಗರಿಗೆ ಒಂದು ಮಾತು: ನಾನು ಒಳಾಂಗಣ ವಿನ್ಯಾಸ ಓದಿದವಳಲ್ಲ. ದಾವಣಗೆರೆಯಲ್ಲಿ ನಮ್ಮ ಮನೆಯವರ ಮರಗೆಲಸದ ಶೆಡ್ಡಿನ ಲೆಕ್ಕ ಬರೆಯುತ್ತಾ, ಗಿರಾಕಿಗೂ ಬಡಗಿಗೂ ನಡುವೆ ಪಂಚಾಯಿತಿ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

ಪ್ರಶ್ನೆ: ಅಕ್ಕಾ, ನಮ್ಮ ಹಾಲ್ 10 ಅಡಿ ಅಗಲ, 14 ಅಡಿ ಉದ್ದ. ನಮ್ಮ ಮನೆಯವರು 55 ಇಂಚಿನ ಟಿವಿ ತಂದಿದ್ದಾರೆ. ಗೋಡೆಗೆ ಪ್ಲೈವುಡ್ ಪ್ಯಾನೆಲ್ ಹೊಡೆದು, ನೆಲದಿಂದ 4 ಅಡಿ ಎತ್ತರದಲ್ಲಿ ಟಿವಿ ಕೂರಿಸಿ, ಹಿಂದೆ ಬಣ್ಣದ ಲೈಟು ಹಾಕೋಣ ಎಂದು ಬಡಗಿ ಹೇಳುತ್ತಾನೆ. ಅಂಗಡಿಯವರು 4 ಅಡಿ ಅಗಲದ ಸ್ಟ್ಯಾಂಡ್ ಸಾಕು ಎನ್ನುತ್ತಾರೆ. ಮಾವನವರು ಕುರ್ಚಿಯಲ್ಲಿ ಕೂರುತ್ತಾರೆ. ಅತ್ತೆಗೆ ಚಾಪೆಯೇ ಆಗಬೇಕು, ಸೊಪ್ಪು ಬಿಡಿಸುತ್ತಾ ಧಾರಾವಾಹಿ ನೋಡುತ್ತಾರೆ. ಮಕ್ಕಳೂ ನೆಲದ ಮೇಲೆಯೇ. ಯಾರ ಮಾತು ಕೇಳಲಿ?
— ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಬಡಗಿ ಮಾತಾಡಿದ್ದಾನೆ, ಅಂಗಡಿಯವರು ಮಾತಾಡಿದ್ದಾರೆ. ಚಾಪೆಯ ಮೇಲೆ ಕೂತ ಅತ್ತೆಯನ್ನು ಯಾರೂ ಕೇಳಿದಂತಿಲ್ಲ. ಆ ಟಿವಿಯನ್ನು ಹೆಚ್ಚು ಹೊತ್ತು ನೋಡುವವರು ಅವರೇ ಇರಬೇಕು. ಆದ್ದರಿಂದ ಅಳತೆಯ ಟೇಪನ್ನು ಗೋಡೆಗೆ ಹಿಡಿಯುವ ಮೊದಲು ಅವರ ಪಕ್ಕ ಹಿಡಿಯಿರಿ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ದೊಡ್ಡವರ ಕಣ್ಣು ನೆಲದಿಂದ ಸುಮಾರು 28ರಿಂದ 30 ಇಂಚು ಎತ್ತರದಲ್ಲಿರುತ್ತದೆ. ಕುರ್ಚಿ, ಸೋಫಾದಲ್ಲಿ ಕೂತವರದು 40ರಿಂದ 44 ಇಂಚು. ಪರದೆಯ ನಡುಭಾಗ ನೋಡುವವರ ಕಣ್ಣಿನ ಮಟ್ಟದಲ್ಲಿ, ಇಲ್ಲವೇ ಅದಕ್ಕಿಂತ ಸ್ವಲ್ಪ ಕೆಳಗಿದ್ದರೆ ಕತ್ತಿಗೆ ಹಿತ. ನಿಮ್ಮಲ್ಲಿ ಎರಡು ಬಗೆಯವರೂ ಇರುವುದರಿಂದ ನಡುವಿನ 36 ಇಂಚನ್ನು ಹಿಡಿದುಕೊಳ್ಳೋಣ. 55 ಇಂಚು ಎನ್ನುವುದು ಪರದೆಯ ಮೂಲೆಯಿಂದ ಮೂಲೆಗೆ ಇರುವ ಅಳತೆ; ಅದರ ಅಗಲ ಸುಮಾರು 48 ಇಂಚು, ಎತ್ತರ 27 ಇಂಚು. ಎತ್ತರದ ಅರ್ಧ ಹದಿಮೂರೂವರೆ, ಕಾಲುಗಳಿಗೆ ಎರಡೂವರೆ, ಎರಡೂ ಸೇರಿ 16. ಅದನ್ನು 36ರಲ್ಲಿ ಕಳೆದರೆ 20 ಇಂಚು ಉಳಿಯಿತು. ನಿಮ್ಮ ಸ್ಟ್ಯಾಂಡಿನ ಎತ್ತರ ಅಷ್ಟೇ.

ಇನ್ನು ಬಡಗಿಯ ಲೆಕ್ಕ ನೋಡಿ. ಪರದೆಯ ಕೆಳ ಅಂಚು 4 ಅಡಿಗೆ ಬಂದರೆ ನಡುಭಾಗ 5 ಅಡಿ ದಾಟುತ್ತದೆ. ಅತ್ತೆ ತಮ್ಮ ಕಣ್ಣಿಗಿಂತ ಎರಡೂವರೆ ಅಡಿ ಮೇಲಕ್ಕೆ ನೋಡುತ್ತಾ ಸೊಪ್ಪು ಬಿಡಿಸಬೇಕು. ವಾರ ಕಳೆಯುವುದರೊಳಗೆ ಕತ್ತುನೋವಿನ ಎಣ್ಣೆ ಹುಡುಕುತ್ತಾರೆ, ಆಮೇಲೆ ಮಗ ತಂದ ಟಿವಿಗೂ ಸೊಸೆಯ ಮೇಲೆಯೇ ಮಾತು ಬರುತ್ತದೆ.

ಬಡಗಿಯನ್ನೂ ಪೂರ್ತಿ ಬೈಯಬೇಡಿ. ಟಿವಿ ಎತ್ತರದಲ್ಲಿರಬೇಕೆಂಬುದು ನಮ್ಮ ಕಡೆಯ ಹಳೆಯ ರೂಢಿ. ಎಂಬತ್ತರ ದಶಕದ ಕೊನೆಯಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನದ ಪೌರಾಣಿಕ ಧಾರಾವಾಹಿಗೆ ಬೀದಿಯ ಜನವೆಲ್ಲ ಟಿವಿ ಇದ್ದ ಮನೆಯಲ್ಲಿ ಸೇರುತ್ತಿದ್ದರು. ಬಾಗಿಲ ಬಳಿ ನಿಂತವರಿಗೂ ಕಾಣಲಿ ಎಂದು ಪೆಟ್ಟಿಗೆಯನ್ನು ಮೇಲೆ ಏರಿಸುತ್ತಿದ್ದರು. ಆ ಜನ ಈಗ ತಮ್ಮ ತಮ್ಮ ಮನೆಯಲ್ಲಿ ತಮ್ಮ ಟಿವಿ ನೋಡುತ್ತಿದ್ದಾರೆ, ಎತ್ತರ ಮಾತ್ರ ಇಳಿದಿಲ್ಲ ಎಂದು ನನ್ನ ಊಹೆ. ಆಸ್ಪತ್ರೆ, ಹೋಟೆಲುಗಳಲ್ಲಿ ಟಿವಿ ಮೇಲಿರುವುದಕ್ಕೆ ಕಾರಣವಿದೆ, ಅಲ್ಲಿ ಜನ ಓಡಾಡುತ್ತಾರೆ. ನಿಮ್ಮ ಹಾಲ್‌ನಲ್ಲಿ ಕೂರುತ್ತಾರೆ.

ಅಗಲದಲ್ಲಿ ಅಂಗಡಿಯವರ ಮಾತೂ ನನಗೆ ಒಪ್ಪಿಗೆಯಿಲ್ಲ. 4 ಅಡಿ ಎಂದರೆ 48 ಇಂಚು, ಟಿವಿಯೂ 48 ಇಂಚು. ಈಗಿನ ಬಹಳಷ್ಟು ಟಿವಿಗಳಿಗೆ ನಡುವೆ ಒಂದೇ ಪೀಠ ಇರುವುದಿಲ್ಲ, ಎರಡು ತುದಿಗೆ ಎರಡು ಕಾಲು. ಆ ಕಾಲುಗಳು ಹಲಗೆಯ ಅಂಚಿನಲ್ಲೇ ನಿಂತರೆ ಯಾರಾದರೂ ಕಸ ಗುಡಿಸುವಾಗ ಮೊಣಕೈ ತಾಗಿದರೂ ಜಾರುತ್ತದೆ. 5 ಅಡಿ ಮಾಡಿಸಿ. ಎರಡು ಕಡೆ ಆರಾರು ಇಂಚು ಉಳಿದರೆ ನೋಟಕ್ಕೂ ಚೆಂದ. ಕಾಲುಗಳ ನಡುವಿನ ಅಂತರವನ್ನು ಟಿವಿಯ ಡಬ್ಬದ ಮೇಲಿನ ಚಿತ್ರದಲ್ಲಿ ನಂಬದೆ ನೀವೇ ಅಳೆಯಿರಿ. ಕಾಲು ಮುಂದಕ್ಕೂ ಹಿಂದಕ್ಕೂ ಎಷ್ಟು ಚಾಚಿದೆ ಎಂಬುದನ್ನೂ ನೋಡಿ. 16 ಇಂಚು ಆಳದ ಹಲಗೆ ನಿಮಗೆ ಸಾಕು. ಟಿವಿ ತೆಳುವಾಯಿತೆಂದು 10 ಇಂಚಿನ ಹಲಗೆ ಮಾಡಿಸಿದವರು ಆಮೇಲೆ ನಮ್ಮ ಶೆಡ್ಡಿಗೆ ಬಂದು ಮುಂದೊಂದು ಪಟ್ಟಿ ಅಂಟಿಸಿಕೊಂಡು ಹೋಗಿದ್ದಾರೆ.

ಮರ ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಹಣ ಸೋರುವುದು ಅಲ್ಲೇ. 18 ಎಂಎಂ ಪ್ಲೈವುಡ್ ಸಾಕು. ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆ 303 ಅಥವಾ 710 ಎಂಬ ಸಂಖ್ಯೆ ಮುದ್ರಿಸಿರುತ್ತಾರೆ. 710 ಎಂದರೆ ಮೆರೈನ್ ಪ್ಲೈ, ನೀರಿನಲ್ಲಿ ನೆನೆಯುವ ಜಾಗಕ್ಕೆ. ಟಿವಿಗೆ ಅದೇಕೆ? 303ರಲ್ಲಿ ನೀರು ತಡೆಯುವ ಬಿಡಬ್ಲ್ಯುಆರ್ ದರ್ಜೆ ತೆಗೆದುಕೊಳ್ಳಿ, ಒರೆಸುವ ನೀರಿಗೆ ಅದು ಜಗ್ಗುವುದಿಲ್ಲ. 8 ಅಡಿಗೆ 4 ಅಡಿಯ ಒಂದು ಹಾಳೆಯನ್ನು ಉದ್ದಕ್ಕೆ ಮೂರು ಪಟ್ಟಿ ಸೀಳಿದರೆ ಒಂದೊಂದು ಪಟ್ಟಿ ಗರಗಸದ ಪುಡಿ ಕಳೆದು ಹೆಚ್ಚುಕಡಿಮೆ 16 ಇಂಚು. ಒಂದರಲ್ಲಿ ಮೇಲಿನ ಹಲಗೆ ಮತ್ತು ಎರಡು ಪಕ್ಕ, ಇನ್ನೊಂದರಲ್ಲಿ ಕೆಳ ಹಲಗೆ ಮತ್ತು ನಡುವಿನ ಅಡ್ಡ, ಮೂರನೆಯದರಲ್ಲಿ ಡ್ರಾಯರಿನ ಮುಖಗಳು. ಹಿಂಬದಿಗೆ 6 ಎಂಎಂ ತುಂಡು. ಬಡಗಿ 18 ಎಂಎಂನ ಎರಡು ಹಾಳೆ ಬರೆದು ಕೊಟ್ಟರೆ ಎರಡನೆಯದು ಯಾವುದಕ್ಕೆ ಎಂದು ನಗುತ್ತಲೇ ಕೇಳಿ. ನಡುವಿನ ಅಡ್ಡವನ್ನು ಮಾತ್ರ ಬಿಡಬೇಡಿ. 5 ಅಡಿ ಉದ್ದದ ಹಲಗೆ ನಡುವೆ ಆಸರೆಯಿಲ್ಲದಿದ್ದರೆ ಕಾಲಕ್ರಮದಲ್ಲಿ ಜೋತು ಬೀಳುತ್ತದೆ.

ಸೆಟ್‌ಟಾಪ್ ಬಾಕ್ಸ್ ಇಡುವ ಗೂಡಿಗೆ ಬಾಗಿಲು ಬೇಡ. ಮರದ ಬಾಗಿಲು ಮುಚ್ಚಿದರೆ ರಿಮೋಟಿನ ಕಿರಣ ಒಳಗೆ ಹೋಗುವುದಿಲ್ಲ, ಬಾಕ್ಸು ಬಿಸಿಯಾಗುವುದು ಬೇರೆ; ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಅದಕ್ಕೂ ಗಾಳಿ ಬೇಕು. ಹಿಂಬದಿಯ ಹಲಗೆಯಲ್ಲಿ ಪ್ಲಗ್ ತೂರುವಷ್ಟು ದೊಡ್ಡ ತೂತು ಈಗಲೇ ಕೊರೆಸಿ. ಟಿವಿ ಬಂದ ಮೇಲೆ ಕೊರೆಯುವವನ ಕೈ ಎಲ್ಲೆಲ್ಲೋ ಹೋಗುತ್ತದೆ. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲೆ ಬಿಡದೆ ಸ್ಟ್ಯಾಂಡಿನ ಒಳಗೋಡೆಗೆ ಸ್ಕ್ರೂ ಹಾಕಿ, ಒರೆಸುವ ಬಟ್ಟೆಯ ನೀರು ಅಲ್ಲಿಗೆ ಮುಟ್ಟಬಾರದು.

ದೂರದ ಬಗ್ಗೆ ಚಿಂತೆ ಬೇಡ. ಪರದೆಯ ಅಳತೆಯ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ದೂರ ಕೂರುವುದು ರೂಢಿ. 55ಕ್ಕೆ ಅದು ಸುಮಾರು 7 ಅಡಿ ಚಿಲ್ಲರೆ. 10 ಅಡಿ ಅಗಲದಲ್ಲಿ ಕುರ್ಚಿಯ ಬೆನ್ನು, ಸ್ಟ್ಯಾಂಡಿನ ಆಳ ಕಳೆದರೂ ನಿಮಗೆ ಅಷ್ಟು ಸಿಗುತ್ತದೆ. ಮಕ್ಕಳು ಮಾತ್ರ ಚಾಪೆ ದಾಟಿ ಮುಂದಕ್ಕೆ ತೆವಳುತ್ತಾರೆ. ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಹಿಂದಿನ ಬಣ್ಣದ ಲೈಟು ನಿಮ್ಮಿಷ್ಟ. ನನ್ನನ್ನು ಕೇಳಿದರೆ ಆ ದುಡ್ಡಿಗೆ ಡ್ರಾಯರಿಗೆ ಒಳ್ಳೆಯ ಚಾನೆಲ್, ಅಂದರೆ ಅದು ಜಾರುವ ಪಕ್ಕದ ಪಟ್ಟಿ, ಹಾಕಿಸುತ್ತೇನೆ.

ಪ್ರಶ್ನೆ: ಆನ್‌ಲೈನಿನಲ್ಲಿ ತರಿಸಿದ ಟಿವಿ ಸ್ಟ್ಯಾಂಡು ಒಂದೇ ಮಳೆಗಾಲಕ್ಕೆ ಕೆಳಗಿನಿಂದ ಊದಿಕೊಂಡಿದೆ. ಮೇಲಿನ ಮೈಕಾ ಏಳುತ್ತಿದೆ. ಜಾಹೀರಾತಿನಲ್ಲಿ ‘ವುಡ್’ ಎಂದೇ ಬರೆದಿತ್ತು. ಸರಿ ಮಾಡಬಹುದೇ?
— ನಿವೃತ್ತ ಗುಮಾಸ್ತರು, ಹರಿಹರ

ಉತ್ತರ: ಸರ್, ಜಾಹೀರಾತನ್ನು ಇನ್ನೊಮ್ಮೆ ಓದಿ, ಆ ಪದದ ಹಿಂದೆ ‘ಎಂಜಿನಿಯರ್ಡ್’ ಎಂಬ ಇನ್ನೊಂದು ಪದ ಸಣ್ಣಕ್ಷರದಲ್ಲಿ ಇರುತ್ತದೆ. ಹೆಚ್ಚಾಗಿ ಅದು ಪಾರ್ಟಿಕಲ್ ಬೋರ್ಡು ಅಥವಾ ಎಂಡಿಎಫ್: ಮರದ ಚೂರು, ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಒಣಗಿದ್ದಷ್ಟು ದಿನ ಚೆನ್ನಾಗಿರುತ್ತದೆ. ಅಂಚಿನಿಂದ ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದ್ದು ಬಿಸಿಲಿಗಿಟ್ಟರೂ ಮತ್ತೆ ಇಳಿಯುವುದಿಲ್ಲ.

ಊದಿದ್ದು ಕೆಳಗಿನ ಒಂದೆರಡು ಇಂಚು ಮಾತ್ರವಾದರೆ ಎಸೆಯಬೇಡಿ. ಬಡಗಿಯಿಂದ ಆ ಭಾಗವನ್ನು ಸಮನಾಗಿ ಕತ್ತರಿಸಿ, ಅಡಿಗೆ ಪ್ಲೈವುಡ್ ಪಟ್ಟಿ ಅಂಟಿಸಿ, ಆ ಪಟ್ಟಿಗೆ 4 ಇಂಚಿನ ಸ್ಟೀಲ್ ಕಾಲುಗಳನ್ನು ಹಾಕಿಸಿ. ಕಾಲನ್ನು ನೇರ ಪಾರ್ಟಿಕಲ್ ಬೋರ್ಡಿಗೆ ತಿರುಗಿಸಿದರೆ ಸ್ಕ್ರೂ ಹಿಡಿಯುವುದಿಲ್ಲ. ಒಮ್ಮೆ ಬಿಚ್ಚಿದ ತೂತಿಗೆ ಮತ್ತೆ ಹಾಕಿದರಂತೂ ಗೋಧಿಹಿಟ್ಟಿನಲ್ಲಿ ಮೊಳೆ ಹೊಡೆದಂತೆ. ಇದೇ ಕಾರಣಕ್ಕೆ ಮನೆ ಬದಲಿಸುವಾಗ ಅದನ್ನು ಬಿಚ್ಚಿ ಜೋಡಿಸದೆ ಇಡಿಯಾಗಿ ಸಾಗಿಸಿ. ಮೈಕಾ ಎದ್ದದ್ದು ನಡುವಿನವರೆಗೂ ಬಂದಿದ್ದರೆ ಖರ್ಚು ಮಾಡಬೇಡಿ, ಚಪ್ಪಲಿ ಇಡಲು ಹಿತ್ತಲಿಗೆ ಹಾಕಿ.

ಪ್ರಶ್ನೆ: ನಮ್ಮ ತಂದೆ 1996ರಲ್ಲಿ ಮನೆ ಕಟ್ಟಿಸಿದಾಗ ಹಾಲ್‌ನ ಒಂದು ಗೋಡೆಯ ಪೂರ್ತಿ ತೇಗದ ಷೋಕೇಸ್ ಮಾಡಿಸಿದರು. ನಡುವೆ ಟಿವಿಗೆಂದು 30 ಇಂಚು ಅಗಲದ ಗೂಡು ಇದೆ. ಈಗ 43 ಇಂಚಿನ ಟಿವಿ ಅದರಲ್ಲಿ ಹಿಡಿಯುವುದಿಲ್ಲ. ಷೋಕೇಸನ್ನೇ ಕಿತ್ತು ಹಾಕೋಣ ಎಂದು ತಮ್ಮ, ಅಪ್ಪನ ನೆನಪು ಎಂದು ಅಮ್ಮ. ಏನು ಮಾಡಲಿ?
— ಉಪನ್ಯಾಸಕಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಆ ಕಾಲದಲ್ಲಿ ಕಟ್ಟಿದ ನಮ್ಮೂರ ಮನೆಗಳಲ್ಲಿ ಇದೇ ಕಥೆ. ಪಿಕ್ಚರ್ ಟ್ಯೂಬಿನ ಟಿವಿ ಹಿಂದಕ್ಕೆ ಉದ್ದ, ಅಗಲಕ್ಕೆ ಕಡಿಮೆ. ಗೂಡುಗಳೂ ಹಾಗೆಯೇ ಆಳವಾಗಿ, ಇಕ್ಕಟ್ಟಾಗಿ ಬಂದವು. ಅದರ ಸುತ್ತ ಕಾಲೇಜಿನ ಕಪ್ಪುಗಳು, ಚನ್ನಪಟ್ಟಣದ ಬೊಂಬೆ, ಯಾರೋ ಮದುವೆಗೆ ಕೊಟ್ಟ ಗಡಿಯಾರ. ನಿಮ್ಮ ಷೋಕೇಸಿನಲ್ಲಿ ಏನಿದೆ ಎಂದು ನೋಡದೆಯೇ ಹೇಳಬಲ್ಲೆ.

ಗೂಡಿಗೆ ಹೊಂದುವ 32 ಇಂಚಿನ ಟಿವಿ ತನ್ನಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರ ಅಗಲವೇ 28 ಇಂಚು, ಎರಡು ಕಡೆ ಒಂದೊಂದು ಇಂಚು ಉಳಿದರೆ ಗಾಳಿ ಎಲ್ಲಿ ಆಡಬೇಕು? ಸುತ್ತ ನಾಲ್ಕು ಇಂಚಾದರೂ ಬಿಡುವುದು ಒಳ್ಳೆಯದು. ನಿಮ್ಮ 43ರ ಅಗಲ ಮೂವತ್ತೇಳೂವರೆ ಇಂಚು, ಅಂದರೆ ಗೂಡು 46 ಇಂಚಿಗೆ ಹಿಗ್ಗಬೇಕು.

ಮೊದಲು ಷೋಕೇಸಿನ ಅಡ್ಡ ಹಲಗೆಗಳನ್ನು ಬೆರಳಿನಿಂದ ತಟ್ಟಿ ನೋಡಿ. ಕೆಲವು ಮನೆಗಳಲ್ಲಿ ಗೋಡೆಯೊಳಗೆ ಕಡಪ ಕಲ್ಲಿನ ಹಲಗೆ ಕೂರಿಸಿ, ಮುಂದೆ ಮಾತ್ರ ತೇಗದ ಚೌಕಟ್ಟು, ಗಾಜು ಹಾಕಿರುತ್ತಾರೆ. ಕಲ್ಲಾಗಿದ್ದರೆ ನಡುವಿನ ಕಂಬ ಆ ಕಲ್ಲನ್ನು ಹೊತ್ತಿರಬಹುದು, ಗಾರೆ ಮೇಸ್ತ್ರಿಗೆ ತೋರಿಸದೆ ಗರಗಸ ಆಡಿಸಬೇಡಿ. ಪೂರ್ತಿ ಮರವಾಗಿದ್ದರೆ ಕೆಲಸ ಸುಲಭ. ಗೂಡಿಗೂ ಪಕ್ಕದ ಗಾಜಿನ ಕಪಾಟಿಗೂ ನಡುವಿನ ಕಂಬ ತೆಗೆದರೆ ಅಗಲ ಸಿಗುತ್ತದೆ, ಮೇಲಿನ ಅಡ್ಡಪಟ್ಟಿಗೆ ಒಂದು ದಪ್ಪ ತೇಗದ ತೊಲೆ ಕೊಟ್ಟರೆ ಭಾರ ನಿಲ್ಲುತ್ತದೆ. ಆ ಕಂಬದ ಮರವನ್ನೇ ಮುಂದಿನ ಪಟ್ಟಿಗೆ ಬಳಸಲು ಹೇಳಿ, ಬಣ್ಣ ಹೊಂದುತ್ತದೆ. ಹೊಸ ತೇಗ ತಂದು ಪಾಲಿಶ್ ಮಾಡಿದರೆ ತೇಪೆ ಹಾಕಿದ್ದು ಎದ್ದು ಕಾಣುತ್ತದೆ.

ಗೂಡಿನ ತಳ ನೆಲದಿಂದ ಎಷ್ಟಿದೆ ಎಂದು ನೀವು ಬರೆದಿಲ್ಲ. ಎರಡೂವರೆ ಅಡಿಗಿಂತ ಹೆಚ್ಚಿದ್ದರೆ ಕೆಳಗಿನ ಬಾಗಿಲಿನ ಕಪಾಟನ್ನು ತಗ್ಗಿಸುವ ಲೆಕ್ಕವೂ ಸೇರಲಿ.

ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ: ಇಷ್ಟು ವರ್ಷ ಒಣಗಿದ ತೇಗ ಇನ್ನು ಬಾಗುವುದಿಲ್ಲ, ಬಿರಿಯುವುದಿಲ್ಲ. ‘ಹಳೆಯದು ಕೊಟ್ಟು ಹೊಸದು ಒಯ್ಯಿರಿ’ ಎನ್ನುವವರು ಹಳೆಯದಕ್ಕೆ ಕೊಡುವ ಬೆಲೆ ಅದರ ಕೀಲು, ಹಿಡಿಕೆಗೂ ಸಾಲದು. ಅಮ್ಮನ ಕಾರಣ ಬೇರೆ, ನನ್ನ ಕಾರಣ ಬೇರೆ, ತೀರ್ಪು ಒಂದೇ.

ಪ್ರಶ್ನೆ: ಎರಡು ವರ್ಷದ ಮಗನಿದ್ದಾನೆ. ಟಿವಿ ಸ್ಟ್ಯಾಂಡಿನ ಡ್ರಾಯರ್ ಎಳೆದು ಅದರ ಮೇಲೆ ಹತ್ತುತ್ತಾನೆ. ಟಿವಿ ಭಾರವೇನಿಲ್ಲ, ಬಿದ್ದರೂ ಏನಾಗದು ಎಂದು ಇವರು ಹೇಳುತ್ತಾರೆ. ನನಗೆ ಭಯ.
— ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ತಂಗೀ, ನಿಮ್ಮ ಭಯವೇ ಸರಿ. ಹಳೆಯ ಟಿವಿಯನ್ನು ಇಬ್ಬರು ಎತ್ತಬೇಕಿತ್ತು. ಈಗಿನ 43 ಇಂಚಿನದು ಎಂಟೊಂಬತ್ತು ಕಿಲೋ, ಸಣ್ಣ ಕಾಲಿನ ಮೇಲೆ ನಿಂತಿರುತ್ತದೆ, ಮಗುವಿನ ಕೈಗೂ ಜಗ್ಗುತ್ತದೆ. ಎಂಟು ಕಿಲೋ ಎರಡು ವರ್ಷದ ಮಗುವಿನ ತಲೆಯ ಮೇಲೆ ಬೀಳುವುದು ಸಣ್ಣ ಮಾತಲ್ಲ. ಡ್ರಾಯರ್ ಎಳೆದು ಹತ್ತಿದಾಗ ಅವನ ಭಾರಕ್ಕೆ ಸ್ಟ್ಯಾಂಡೇ ಮುಂದಕ್ಕೆ ಮಗುಚಬಹುದು.

ಇವತ್ತೇ ಆಗಬೇಕಾದ ಕೆಲಸ: ಸ್ಟ್ಯಾಂಡಿನ ಹಿಂಭಾಗವನ್ನು ಎರಡು ಎಲ್ ಕ್ಲಾಂಪ್ ಹಾಕಿ ಗೋಡೆಗೆ ಬಿಗಿಸಿ. ಟಿವಿಯ ಬೆನ್ನಿನಲ್ಲಿ ಗೋಡೆಗೆ ತೂಗುಹಾಕಲು ಕೊಟ್ಟಿರುವ ನಾಲ್ಕು ಸ್ಕ್ರೂ ತೂತುಗಳಿವೆ, ಮೇಲಿನ ಎರಡಕ್ಕೆ ಪಟ್ಟಿ ಕಟ್ಟಿ ಅದನ್ನೂ ಗೋಡೆಗೆ ಸೇರಿಸಿ. ಇದಕ್ಕೆಂದೇ ಸಿದ್ಧ ಪಟ್ಟಿಗಳು ಸಿಗುತ್ತವೆ. ಗೋಡೆ ಇಟ್ಟಿಗೆ, ಸಿಮೆಂಟಿನದಾದರೆ ಪ್ಲಗ್ ಹಾಕಿದ ಸ್ಕ್ರೂ ನಿಲ್ಲುತ್ತದೆ, ಹಳೆಯ ಮಣ್ಣಿನ ಗೋಡೆಯಾದರೆ ನಿಲ್ಲುವುದಿಲ್ಲ. ಆಗ ಅಡ್ಡಕ್ಕೆ ಒಂದು ಮರದ ರೀಪನ್ನು ಹಲವು ಕಡೆ ಬಿಗಿದು ಅದಕ್ಕೆ ಕಟ್ಟಬೇಕು. ಭಾರದ ಸಾಮಾನೆಲ್ಲ ಕೆಳಗಿನ ಡ್ರಾಯರಿಗೆ ಹೋಗಲಿ. ರಿಮೋಟು, ಬಿಸ್ಕತ್ತಿನ ಡಬ್ಬ, ಅವನ ಆಟದ ಕಾರು ಯಾವುದೂ ಟಿವಿಯ ಬಳಿ ಮೇಲೆ ಇರಬಾರದು. ಅವನು ಹತ್ತುವುದು ಟಿವಿಗಾಗಿ ಅಲ್ಲ, ಅವುಗಳಿಗಾಗಿ.

‘ಇವರಿಗೆ’ ಈ ಪುಟ ತೋರಿಸಿ, ಡ್ರಿಲ್ಲಿಂಗ್ ಮಷಿನ್ ಅವರ ಕೈಗೇ ಕೊಡಿ.

ಪ್ರಶ್ನೆ: ವಾಸ್ತು ಪ್ರಕಾರ ಟಿವಿ ಆಗ್ನೇಯದಲ್ಲಿರಬೇಕಂತೆ. ನಮ್ಮ ಹಾಲ್‌ನ ಆಗ್ನೇಯದಲ್ಲಿ ಬಾಗಿಲಿದೆ.
— ಚಿತ್ರದುರ್ಗ

ಉತ್ತರ: ಬಾಗಿಲಿದ್ದರೆ ಬಾಗಿಲೇ ಇರಲಿ. ನಾನು ನೋಡುವ ದಿಕ್ಕು ಒಂದೇ: ಪರದೆ ಪಶ್ಚಿಮದ ಕಿಟಕಿಗೆ ಎದುರಾಗಬಾರದು. ಸಂಜೆಯ ಬಿಸಿಲು ಕಿಟಕಿಯಿಂದ ಬಂದು ಪರದೆಯ ಮೇಲೆ ಬಿದ್ದರೆ ವಾರ್ತೆ ಓದುವವರ ಬದಲು ನಿಮ್ಮ ಮುಖವೇ ಕಾಣುತ್ತದೆ. ಕಿಟಕಿ ಟಿವಿಯ ಪಕ್ಕದ ಗೋಡೆಯಲ್ಲಿದ್ದರೆ ಒಳ್ಳೆಯದು.

ಪ್ರಶ್ನೆ: ಹಳ್ಳಿಮನೆ. ಗೆದ್ದಲು ವಿಪರೀತ. ಒಂದು ಟಿವಿ ಸ್ಟ್ಯಾಂಡು ಆಗಲೇ ಹಿಂಬದಿಯಿಂದ ತಿಂದು ಟೊಳ್ಳಾಯಿತು. ಈಗ ಕಬ್ಬಿಣದ್ದು ಮಾಡಿಸಬೇಕೋ, ತೇಗದ್ದೋ?
— ರೈತರು, ಜಗಳೂರು ತಾಲ್ಲೂಕು

ಉತ್ತರ: ಅಣ್ಣಾ, ತೇಗವೆಂದು ಮಾರುವುದರಲ್ಲೆಲ್ಲ ತೇಗದ ಗುಣ ಇರುವುದಿಲ್ಲ. ಮರದ ಒಳಗಿನ ಕಂದು ಚೇಗನ್ನು ಗೆದ್ದಲು ಸುಲಭಕ್ಕೆ ಮುಟ್ಟದು, ತೊಗಟೆಯ ಬದಿಯ ಬಿಳಿ ಭಾಗವನ್ನು ಹಪ್ಪಳದಂತೆ ತಿನ್ನುತ್ತದೆ. ಎಳೆಯ ಮರದಲ್ಲಿ ಬಿಳಿಯೇ ಹೆಚ್ಚು. ಚೇಗಿನ ತೇಗಕ್ಕೆ ಕೊಡುವ ದುಡ್ಡನ್ನು ನೀವು ಬೋರ್‌ವೆಲ್ ಮೋಟರಿಗೆ ಇಟ್ಟುಕೊಳ್ಳಿ.

ಕಬ್ಬಿಣ ಆಗಬಹುದು. ಒಂದಿಂಚಿನ ಚೌಕ ಪೈಪಿನಲ್ಲಿ ಯಾವ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡುತ್ತಾರೆ; ರೆಡ್ ಆಕ್ಸೈಡ್ ಬಳಿದ ಮೇಲೆಯೇ ಬಣ್ಣ ಬಳಿಯಲಿ, ಕಾಲಿನ ತುದಿಗೆ ರಬ್ಬರ್ ಬುರುಡೆ ಹಾಕಲಿ. ಆದರೆ ನಿಮ್ಮಂಥ ಮನೆಗೆ ನನ್ನ ಮೆಚ್ಚಿನದು ಕಡಪ ಕಲ್ಲು. ಅಡುಗೆಮನೆಯ ಹಲಗೆಗಳಿಗೆ ಹಾಕುವ ಅದೇ ಕಲ್ಲು, 5 ಅಡಿ ಉದ್ದ, 16 ಇಂಚು ಅಗಲ. ಇಟ್ಟಿಗೆಯ ಮೂರು ಮೋಟುಗೋಡೆ ಕಟ್ಟಿ ಮೇಲೆ ಕೂರಿಸಿದರೆ ಮುಗಿಯಿತು. ನಡುವಿನ ಗೋಡೆ ತಪ್ಪಿಸಬೇಡಿ, ಒಂದಿಂಚು ದಪ್ಪದ ಆ ಕಲ್ಲೇ 40 ಕಿಲೋ ತೂಗುತ್ತದೆ. ಎರಡು ಗೂಡುಗಳೂ ತಾವಾಗಿಯೇ ಸಿಕ್ಕವು, ಒಂದರಲ್ಲಿ ಡಿಶ್‌ನ ಬಾಕ್ಸು, ಇನ್ನೊಂದರಲ್ಲಿ ನಿಮ್ಮ ಪಹಣಿ ಕಾಗದಗಳ ಟ್ರಂಕು. ಮುಂದಿನ ಅಂಚನ್ನು ಉಜ್ಜಿ ಗುಂಡಗೆ ಮಾಡಿಸಿ, ಮಕ್ಕಳ ಹಣೆಗೆ ತಾಗಬಾರದು.

ಸ್ಟ್ಯಾಂಡು ಬದಲಾದರೂ ಗೆದ್ದಲು ಮನೆಯಲ್ಲೇ ಇರುತ್ತದೆ. ಅದು ನೆಲ, ಗೋಡೆ ಸೇರುವ ಬಿರುಕಿನಿಂದ ಮಣ್ಣಿನ ದಾರಿ ಕಟ್ಟಿಕೊಂಡು ಬರುತ್ತದೆ. ಹಳೆಯ ಸ್ಟ್ಯಾಂಡು ಇದ್ದ ಜಾಗದ ಬಿರುಕಿಗೆ ಔಷಧಿ ಹೊಡೆಸಿ, ಸಿಮೆಂಟ್ ತುಂಬಿಸಿದ ಮೇಲೆಯೇ ಇಟ್ಟಿಗೆ ಇಡಿ. ಟ್ರಂಕನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಆಗಾಗ ಎಳೆದು ಹಿಂದೆ ನೋಡಿ.